ಎಡಗಡೆಯ ತಿರುಪು

ಫೆಬ್ರವರಿ ೩

ಕಿವಿಯಕ್ಕನಿಗೆ,

ಮೊದಲು ಒಂದು ಮಾತು. ಈ ಪೆಟ್ಟಿಗೆಯನ್ನು ಭಾವನ ಕೈಗೆ ಕೊಡಬೇಡ. ಹೋದ ಸಲ ಅವರು ಅಡುಗೆಮನೆಯ ಚಾಕು ಹಾಕಿ ಸೀಳಿ, ಒಳಗಿದ್ದ ವೈರನ್ನೂ ಹೋಳು ಮಾಡಿದ್ದರು. ಬಸ್ಸು ಓಡಿಸುವ ಕೈ ಬಸ್ಸಿನ ಮೇಲೇ ಇರಲಿ.

ಒಳಗೆ ನಾಲ್ಕು ಡಬ್ಬಗಳಿವೆ. ಕೆಂಪು ದಾರ ಮತ್ತು ನೀಲಿ ದಾರ ಕಟ್ಟಿರುವ ದೊಡ್ಡವು ಎರಡೂ ಹೆಡ್‌ಫೋನ್ ಆಂಪ್ಲಿಫೈಯರ್. ಒಂದು ಗೆರೆ, ಎರಡು ಗೆರೆ ಎಳೆದಿರುವ ಚಿಕ್ಕವು ಡ್ಯಾಕ್. ಯಾವುದರೊಳಗೆ ಏನು ಹಾಕಿದ್ದೇನೆ ಎಂದು ಹೇಳುವುದಿಲ್ಲ. ಹೇಳಿದರೆ ನೀನು ಕಿವಿ ಬಿಟ್ಟು ತಲೆಯಿಂದ ಕೇಳುತ್ತೀಯ. ನಾಲ್ಕನ್ನೂ ಅದಲುಬದಲು ಮಾಡಿ ಕೇಳು, ಆದರೆ ಎರಡರ ದನಿಯೂ ಒಂದೇ ಮಟ್ಟದಲ್ಲಿರಲಿ. ಒಂದು ಕೂದಲೆಳೆ ಜೋರಾಗಿದ್ದರೂ ಜೋರಾದದ್ದೇ ಚೆನ್ನಾಗಿದೆ ಅನ್ನಿಸುತ್ತದೆ.

ಪೇಟೆಯ ಅಂಗಡಿಯವನು ನನ್ನ ಡಬ್ಬಗಳನ್ನು ಗಾಜಿನ ಕಪಾಟಿನಲ್ಲಿ ಇಡಲು ಒಪ್ಪಿದ್ದಾನೆ. ಒಂದೇ ಜೋಡಿ ಸಾಕಂತೆ. ಇಷ್ಟು ವರ್ಷ ಬೇರೆಯವರ ಡಬ್ಬ ರಿಪೇರಿ ಮಾಡಿದವನು ಈಗ ನನ್ನದೇ ಒಂದನ್ನು ಮಾಡುವವನಿದ್ದೇನೆ. ಯಾವುದು ಎಂದು ನೀನೇ ಹೇಳಬೇಕು. ಫೋನಿನಲ್ಲಿ ಬೇಡ, ನಮ್ಮ ಹಳೆಯ ಪದ್ಧತಿಯಂತೆ ಸಾವಕಾಶವಾಗಿ ಕೇಳಿ, ಡಬ್ಬದ ಜೊತೆ ಕಾಗದ ಇಟ್ಟು ಕಳಿಸು.

ನಿನ್ನ ಬೆನ್ನಿಗೆ ಬಿದ್ದ,
ತಮ್ಮ


ಫೆಬ್ರವರಿ ೧೯

ಬೆಸುಗೆರಾಯರಿಗೆ,

ಪೆಟ್ಟಿಗೆಯನ್ನು ನಾನೇ ಬಿಚ್ಚಿದೆ. ನಿಮ್ಮ ಭಾವ ಪಕ್ಕದಲ್ಲಿ ಕೈಕಟ್ಟಿ ನಿಂತು, "ನಾಲ್ಕು ಡಬ್ಬನಾ? ಹಾಡು ಕೇಳೋಕೆ ಒಂದು ಸಾಲಲ್ವಾ?" ಎಂದರು. ಡ್ಯಾಕ್ ಅನ್ನುವುದು ಕಂಪ್ಯೂಟರಿನ ಅಂಕಿಗಳನ್ನು ಓದಿ ದನಿ ಮಾಡುತ್ತದೆ, ಆಂಪ್ ಆ ದನಿಗೆ ತ್ರಾಣ ಕೊಡುತ್ತದೆ ಎಂದು ತಿಳಿಸಿ ಹೇಳಿದೆ. "ಅಂದ್ರೆ ಒಬ್ಬ ಕಂಡಕ್ಟರು, ಒಬ್ಬ ಡ್ರೈವರು," ಎಂದರು. ಇಡೀ ದಿನ ಇಂಜಿನ್ ಸದ್ದು ಕೇಳಿದ ಕಿವಿಯಾದರೂ ತಲೆ ಚುರುಕಾಗಿದೆ.

ಕೆಂಪು ದಾರದ್ದರಲ್ಲಿ ಹಳೆಯ ರೇಡಿಯೋದಂತೆ ಬಿಸಿಯೇರುವ ವಾಲ್ವ್ ಇದೆ. ಅದನ್ನು ಕಂಡುಹಿಡಿಯಲು ಕಿವಿ ಬೇಕಾಗಲಿಲ್ಲ, ಬೆಕ್ಕು ಹೋಗಿ ಅದರ ಮೇಲೆ ಮಲಗಿತು. ದನಿ ದುಂಡಗೆ, ಬೆಚ್ಚಗೆ ಇದೆ, ಆದರೆ ತಗ್ಗಿನ ಸ್ವರಗಳು ಸ್ವಲ್ಪ ಸೋಮಾರಿ. ನೀಲಿಯದು ಇಸ್ತ್ರಿ ಮಾಡಿದ ಬಟ್ಟೆ, ಒಂದು ಸುಕ್ಕಿಲ್ಲ. ನನ್ನ ಒಲವು ನೀಲಿಯ ಕಡೆಗೆ. ಡ್ಯಾಕ್‌ಗಳ ವಿಷಯ ಕೇಳಬೇಡ. ಒಂದು ಗೆರೆಗೂ ಎರಡು ಗೆರೆಗೂ ನನಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಇದೆ ಅನ್ನುವವರು ಇರಬಹುದು, ಅವರ ಬಾಯಿಗೆ ಬೀಗ ಹಾಕಲು ನಾನ್ಯಾರು.

ನೀಲಿಯಲ್ಲಿ ಒಂದು ಸಣ್ಣ ದೋಷವಿದೆ. ನಮ್ಮ ಕೆಮ್ಮಮ್ಮನ ಹಾಡು ಹಾಕಿದೆ. (ಎರಡನೆಯ ಚರಣಕ್ಕೆ ಮುಂಚೆ ಆ ಪುಣ್ಯಾತ್ಗಿತ್ತಿ ಗಂಟಲು ಸರಿಮಾಡಿಕೊಳ್ಳುವುದು ಈ ಸಲ ಉಗುಳು ನುಂಗಿದ್ದರ ಸಮೇತ ಕೇಳಿಸಿತು!) ಯಾವಾಗಲೂ ನನ್ನ ಎರಡು ಹುಬ್ಬುಗಳ ನಡುವೆ ನಿಂತು ಹಾಡುವವಳು ಒಂದು ಬೆರಳಿನಷ್ಟು ಬಲಕ್ಕೆ ಸರಿದಿದ್ದಾಳೆ. ಎಡ ಚಾನೆಲ್ ಸ್ವಲ್ಪ ಹಿಂದೆ ಬಿದ್ದಿರಬೇಕು, ನೋಡು. ನೀಲಿಯನ್ನು ವಾಪಸ್ ಕಳಿಸಿದ್ದೇನೆ.

ಕಚೇರಿಯಿಂದ ಬರುವ ಸಭೆಗಳ ರೆಕಾರ್ಡಿಂಗ್ ಟೈಪು ಮಾಡಿ ಮಾಡಿ ಬೆರಳು ಸೋತಿವೆ. ಹೊಸ ಅಧ್ಯಕ್ಷರು ಮಾತನ್ನು ಅರ್ಧ ನುಂಗಿ ಅರ್ಧ ಉಗುಳುತ್ತಾರೆ.

ಅಕ್ಕ


ಫೆಬ್ರವರಿ ೨೭

ಕಿವಿಯಕ್ಕ,

ನೀಲಿಯನ್ನು ಮೀಟರಿಗೆ ಹಾಕಿ ನೋಡಿದೆ. ಎಡ ಬಲ ಎರಡೂ ಸಮ. ಇನ್ನೊಮ್ಮೆ ನೋಡಿದೆ, ಆಗಲೂ ಸಮ. ಮೀಟರು ಏನು ಹೇಳಿದರೇನು, ಹಿಂದೆ ಒಮ್ಮೆ ಅದು ಎಲ್ಲ ಸರಿಯಿದೆ ಎಂದಾಗ ನೀನು "ಎಲ್ಲೋ ಒಂದು ಕಡೆ ಕರಕರ ಅಂತಿದೆ ಕಣೋ" ಎಂದಿದ್ದೆ. ಬಿಚ್ಚಿ ನೋಡಿದರೆ ಒಂದು ಬೆಸುಗೆ ಕೂದಲಿನಷ್ಟು ಬಿಟ್ಟುಕೊಂಡಿತ್ತು. ಅಂದಿನಿಂದ ನನ್ನ ಮೇಜಿನ ಮೇಲೆ ಮೀಟರಿಗೆ ಎರಡನೆಯ ಸ್ಥಾನ.

ಹಾಗಾಗಿ ಎಡ ಚಾನೆಲ್ಲಿಗೆ ಒಂದು ಚಿಕ್ಕ ತಿರುಪು ಕೂರಿಸಿ, ದನಿಯನ್ನು ತುಸು ಏರಿಸಿದ್ದೇನೆ. ಆದರೂ ಒಂದು ಪರೀಕ್ಷೆ ಮಾಡು. ತಿರುಪಿಲ್ಲದ ಕೆಂಪಿನಲ್ಲೂ ಹಾಗೇ ಕೇಳಿಸಿದರೆ, ಅದರಲ್ಲೇ ಹೆಡ್‌ಫೋನನ್ನು ಉಲ್ಟಾ ಹಾಕಿಕೋ, ಎಡದ್ದು ಬಲಗಿವಿಗೆ, ಬಲದ್ದು ಎಡಗಿವಿಗೆ. ದೋಷ ಯಂತ್ರದ್ದಾದರೆ ಅದೂ ಜಾಗ ಬದಲಿಸಿ ಬಲಗಡೆಗೆ ಬರುತ್ತದೆ. ಬರದೆ ಎಡದಲ್ಲೇ ಕೂತಿದ್ದರೆ ಕಿವಿಯ ಮೇಣ ತೆಗೆಸಿಕೋ, ನನ್ನ ಜೀವ ತಿನ್ನಬೇಡ!

ತಮ್ಮ


ಮಾರ್ಚ್ ೧೫

ಬೆಸುಗೆರಾಯ,

ಉಲ್ಟಾ ಹಾಕಿಕೊಂಡೆ. ದೋಷ ಬಲಕ್ಕೆ ಬಂತು. ಯಂತ್ರದ್ದೇ.

ನಿನ್ನ ತಿರುಪಿನ ಕೆಲಸ ಮಾತ್ರ ಬಂಗಾರದಂಥದ್ದು. ಕೆಮ್ಮಮ್ಮ ಮತ್ತೆ ನಡುವಿಗೆ ಬಂದು ನಿಂತಿದ್ದಾಳೆ, ಅವಳ ಹಿಂದೆ ಗಿಟಾರಿನವನು ತನ್ನ ಕುರ್ಚಿಯಲ್ಲಿ ಕೂತಿದ್ದಾನೆ. ಹಾಡು ಮುಗಿದ ಮೇಲೂ ಸುಮ್ಮನೆ ಕೂತಿದ್ದೆ. ಎಷ್ಟು ಸಂತೋಷವಾಯಿತು ಎಂದು ಬರೆದರೆ ನೀನು ನಗುತ್ತೀಯ. ಕೆಂಪಿಗೂ ಅಂಥದ್ದೇ ಒಂದು ತಿರುಪು ಹಾಕಿಬಿಡು, ಅದರಲ್ಲೂ ಹಾಗೇ ಆಗಿದೆ.

ಅಕ್ಕ


ಮೇ ೨

ತಮ್ಮಾ,

ಮತ್ತೆ ಸರಿದಿದ್ದಾಳೆ. ಎರಡು ಡಬ್ಬದಲ್ಲೂ. ತಿರುಪನ್ನು ಇನ್ನೂ ಸ್ವಲ್ಪ ಏರಿಸಿ ಕಳಿಸು. ಹೋಲಿಕೆ ಇನ್ನೂ ಮುಗಿದಿಲ್ಲ ಎಂದು ಅಂಗಡಿಯವನಿಗೆ ಹೇಳು.

ಕಚೇರಿಯವರು ನನ್ನ ಟೈಪಿನಲ್ಲಿ ಮಾತುಗಳು ಬಿಟ್ಟುಹೋಗುತ್ತಿವೆ ಎಂದು ತಗಾದೆ ತೆಗೆದಿದ್ದಾರೆ. ಈಚಿನ ರೆಕಾರ್ಡಿಂಗುಗಳೇ ಕೆಟ್ಟದಾಗಿವೆ. ಬೇಗ ಕಳಿಸು.

ಅಕ್ಕ


ಮೇ ೧೧

ಅಕ್ಕಾ,

ಕಳಿಸಿದ್ದೇನೆ, ಆದರೆ ತಲೆ ಕೆಟ್ಟುಹೋಗಿದೆ. ಒಂದು ವಾಲ್ವಿನದು, ಇನ್ನೊಂದು ಟ್ರಾನ್ಸಿಸ್ಟರಿನದು. ಒಂದರ ಬಿಡಿಭಾಗ ಇನ್ನೊಂದರಲ್ಲಿಲ್ಲ. ಅಪ್ಪ ಅಮ್ಮ ಬೇರೆಯಾದ ಎರಡು ಮಕ್ಕಳಿಗೆ ಒಂದೇ ಮಚ್ಚೆ ಹೇಗೆ ಬಂತು? ಡ್ಯಾಕ್‌ಗಳನ್ನು ಬದಲಿಸಿದೆ, ವೈರು ಬದಲಿಸಿದೆ, ಈಗ ಬೇರೆ ಹೆಡ್‌ಫೋನನ್ನೂ ಇಟ್ಟಿದ್ದೇನೆ. ಕೆಳಗಿನ ಬೇಕರಿಯವರು ಹಿಟ್ಟು ನಾದುವ ಯಂತ್ರ ಹಾಕಿದಾಗ ನನ್ನ ಮೇಜು ಅದುರುತ್ತದೆ, ಅದರಿಂದ ಏನಾದರೂ ಸಡಿಲವಾಯಿತೇ ಎಂದು ಎಲ್ಲ ಬೆಸುಗೆಯನ್ನೂ ಹೊಸದಾಗಿ ಹಾಕಿದೆ. ಅಂಗಡಿಯವನು ಎರಡು ಸಲ ಕೇಳಿದ. ನನ್ನಕ್ಕ ಹೂಂ ಅನ್ನುವವರೆಗೂ ಇಲ್ಲ ಎಂದೆ.

ನೀನು ಒಮ್ಮೆ ಉಲ್ಟಾ ಹಾಕಿಕೊಂಡು ನೋಡಿದ್ದು ಸರಿಯಾಗಿತ್ತು ತಾನೇ?

ತಮ್ಮ


ಜೂನ್ ೨೦

ನನ್ನ ಬಾಮೈದನಿಗೆ,

ನಾನು ಕಾಗದ ಬರೆಯುವವನಲ್ಲ, ನಿನಗೇ ಗೊತ್ತು. ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನ ಅಕ್ಕನಿಗೆ ಇದು ತಿಳಿಯಬಾರದು. ತಿಳಿದರೂ ತಿಳಿಯಲಿ ಬಿಡು, ನನಗೆ ಸಾಕಾಗಿದೆ.

ಅವಳು ಹೆಡ್‌ಫೋನ್ ಉಲ್ಟಾ ಹಾಕಿಕೊಂಡಾಗ ನಾನು ಪಕ್ಕದಲ್ಲೇ ಇದ್ದೆ. "ಎಲ್ಲಿದೆ?" ಎಂದು ಕೇಳಿದೆ. ಅವಳು ಹೆಡ್‌ಫೋನನ್ನು ತೆಗೆದು ಮತ್ತೆ ಹಾಗೇ ಹಾಕಿಕೊಂಡಳು. ಆಮೇಲೆ, "ಇಲ್ಲೇ ಇದೆ. ಎಡಗಡೇನೇ," ಎಂದಳು. ನಿನಗೆ ಬೇರೆ ಬರೆದಳು.

ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾಳೆ. ಫೋನು ಯಾವಾಗಲೂ ಬಲಗಿವಿಗೆ. ಕೊನೆಗೆ ನಾನೇ ಜಗಳ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಒಂದು ಗಂಟು ಬೆಳೆದಿದೆಯಂತೆ. ಕೆಟ್ಟ ಜಾತಿಯದಲ್ಲವಂತೆ, ಆದರೆ ದೊಡ್ಡದಾಗಿದೆ, ಬೆಳೆಯುತ್ತಲೂ ಇದೆ, ಇನ್ನು ಮಿದುಳನ್ನೇ ಒತ್ತುತ್ತದಂತೆ. ತೆಗೆಯಲೇಬೇಕು. ತೆಗೆದರೆ ಎಡಗಿವಿ ಪೂರ್ತಿ ಹೋಗುತ್ತದೆ. ಇದನ್ನು ಡಾಕ್ಟರು ಬಿಡಿಸಿ ಹೇಳಿದರು. ಇವಳು ಹೂಂಗುಟ್ಟಿದಳು. ಹೊರಗೆ ಬಂದು, "ತಮ್ಮನ ಹೋಲಿಕೆ ಮುಗೀಲಿ, ಆಮೇಲೆ ನೋಡೋಣ," ಎಂದಳು.

ಹೋಲಿಕೆ ಮುಗಿಯುವ ಹಾಗೆ ಕಾಣುವುದಿಲ್ಲ. ಬೇಡಿಕೊಂಡೆ, ಬೈದೆ, ಊಟ ಬಿಟ್ಟೆ. ನಾನು ಊಟ ಬಿಟ್ಟಿದ್ದು ಅವಳಿಗೆ ಗೊತ್ತಾಗಲೇ ಇಲ್ಲ, ಹೆಡ್‌ಫೋನ್ ಹಾಕಿಕೊಂಡಿದ್ದಳು. ನನ್ನ ಕೈಲಿ ಏನೂ ಆಗುತ್ತಿಲ್ಲ. ನೀನು ಏನಾದರೂ ಹೇಳಿ ಇದನ್ನು ಮುಗಿಸು. ಕೆಂಪು ಅನ್ನು, ನೀಲಿ ಅನ್ನು, ನನಗೆ ಎಲ್ಲ ಒಂದೇ.

ಭಾವ


ಜೂನ್ ೨೬

ಅಕ್ಕಾ,

ಹೋಲಿಕೆ ಮುಗಿಯಿತು. ನೀಲಿ ಆಂಪು, ಒಂದು ಗೆರೆಯ ಡ್ಯಾಕು. ಅಂಗಡಿಯವನಿಗೆ ಹೇಳಿಬಿಟ್ಟೆ. ಇನ್ನು ನೀನು ಕೇಳುವುದೇನೂ ಉಳಿದಿಲ್ಲ. ಡಬ್ಬಗಳನ್ನು ವಾಪಸ್ ಕಳಿಸು, ಡಾಕ್ಟರು ಹೇಳಿದ ದಿನ ಆಸ್ಪತ್ರೆಗೆ ಸೇರು.

ಭಾವ ಬರೆದಿದ್ದರು. ಅವರ ಮೇಲೆ ಹರಿಹಾಯಬೇಡ.

ನೀನು ನನ್ನ ಕಿವಿ ಮೇಲೆ ಹೂ ಇಟ್ಟೆ. ಪ್ರತಿ ಸಲ ನಾನು ಆ ತಿರುಪನ್ನು ಒಂದಿಷ್ಟು ಏರಿಸಿದಾಗ ಡಬ್ಬವನ್ನು ಸರಿಮಾಡುತ್ತಿದ್ದೇನೆ ಅಂದುಕೊಂಡೆ. ನಿನ್ನ ಗಂಟು ಎಷ್ಟು ಬೆಳೆದಿದೆ ಎಂದು ಅಳೆಯುತ್ತಿದ್ದೆ, ಅಷ್ಟೆ. ಮೀಟರು ಮೊದಲ ದಿನವೇ ನಿಜ ಹೇಳಿತ್ತು. ನಾನು ಮೀಟರನ್ನೇ ಸುಳ್ಳ ಎಂದೆ.

ತಮ್ಮ


ಜುಲೈ ೪

ತಮ್ಮಾ,

ಡಬ್ಬಗಳನ್ನು ಕಳಿಸುವುದಿಲ್ಲ. ನನ್ನನ್ನು ಕೇಳದೆ ನೀನು ಆರಿಸಿದ್ದು ಆಯ್ಕೆಯೂ ಅಲ್ಲ. ಕೆಂಪಿನ ತಗ್ಗು ಸ್ವರಗಳನ್ನು ನೀನಿನ್ನೂ ಸರಿಮಾಡಿಲ್ಲ.

ನಿಮ್ಮ ಭಾವನ ಮೇಲೆ ಹರಿಹಾಯ್ದಾಯಿತು. ಪಾಪ, ಬಸ್ಸಿನ ಕೀಲಿ ತೆಗೆದುಕೊಂಡು ರಜೆಯ ದಿನವೂ ಡಿಪೋಗೆ ಹೋದರು.

ನಿನಗೆ ಸುಳ್ಳು ಹೇಳಿದೆ, ಹೌದು. ಏಕೆಂದರೆ ನಿಜ ಹೇಳಿದ್ದರೆ ನೀನು ತಿರುಪು ಹಾಕುತ್ತಿರಲಿಲ್ಲ, ಡಾಕ್ಟರ ವಿಳಾಸ ಹಾಕುತ್ತಿದ್ದೆ. ನನಗೆ ಬೇಕಾಗಿದ್ದದ್ದು ತಿರುಪು. ನೋಡು, ಒಂದು ಕಿವಿಯಲ್ಲಿ ಕೇಳಿದರೆ ಹಾಡು ಇರುತ್ತದೆ, ಪದ ಇರುತ್ತದೆ, ಎಲ್ಲ ಇರುತ್ತದೆ. ಆದರೆ ನಡು ಅನ್ನುವುದು ಇರುವುದಿಲ್ಲ. ನಡು ಆಗುವುದು ಎರಡು ಕಿವಿಗಳ ಲೆಕ್ಕದಿಂದ. ಆ ಹೆಂಗಸು ನನ್ನ ಹಣೆಯ ಮುಂದೆ ಬಂದು ನಿಲ್ಲುತ್ತಾಳಲ್ಲ, ಅವಳು ಹೆಡ್‌ಫೋನಿನಲ್ಲೂ ಇಲ್ಲ, ಡ್ಯಾಕಿನಲ್ಲೂ ಇಲ್ಲ, ನನ್ನ ತಲೆಯಲ್ಲೇ ಹುಟ್ಟುತ್ತಾಳೆ. ಆ ಎಡಗಿವಿ ಹೋದ ದಿನ ಅವಳು ಹುಟ್ಟುವುದು ನಿಲ್ಲುತ್ತದೆ. ನೀನು ಇನ್ನೂ ಒಳ್ಳೆಯ ಆಂಪು ಮಾಡಬಹುದು, ಇದಕ್ಕೆ ಆಂಪು ಇಲ್ಲ.

ಡಾಕ್ಟರು, "ಇನ್ನೊಂದು ಕಿವಿ ಚೆನ್ನಾಗಿದೆಯಲ್ಲ," ಎಂದರು. ಒಳ್ಳೆಯ ಮನುಷ್ಯ. ಏನು ಹೇಳಲಿ ಅವರಿಗೆ.

ನನಗೆ ಭಯವಾಗಿದೆ ಕಣೋ. ಕಿವಿಯಕ್ಕ ಕಿವಿಯಕ್ಕ ಎಂದು ಕರೆದು ಕರೆದು ನೀನೇ ನನ್ನನ್ನು ಇಷ್ಟು ಮಾಡಿದೆ. ಆಮೇಲೆ ನಾನು ಯಾರು?

ಅಕ್ಕ


ಆಗಸ್ಟ್ ೩೦

ಅಕ್ಕಾ,

ನಿನ್ನ ಮನೆಯಿಂದ ಬಂದ ಮೇಲೆ ಇಂದೇ ನನ್ನ ರಿಪೇರಿ ಅಂಗಡಿ ತೆರೆದೆ. ನಾವಿಬ್ಬರೂ ಅಷ್ಟು ಜೋರಾಗಿ ಕೂಗಾಡಬಾರದಿತ್ತು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಕೂಗಾಡುವಾಗಲೂ ನೀನು ಬಲಗಿವಿ ನನ್ನ ಕಡೆಗೆ ತಿರುಗಿಸುತ್ತಿದ್ದೆ. ಅದನ್ನು ನೋಡಿದ ಮೇಲೆ ಚೀಲ ಎತ್ತಿಕೊಂಡು ಹೊರಟೆ. ಗೆದ್ದೆ ಎಂದು ನೀನು ಅಂದುಕೊಂಡೆ.

ರೈಲಿನಲ್ಲಿ ಬರುತ್ತಾ ಯೋಚಿಸಿದೆ. ಡಬ್ಬ ಕಳಿಸಿದರೆ ನೀನು ಆಪರೇಷನ್ ಮುಂದೂಡುತ್ತೀಯ. ಕಳಿಸದಿದ್ದರೆ ಡಬ್ಬಕ್ಕೆ ಕಾಯುತ್ತಾ ಮುಂದೂಡುತ್ತೀಯ. ಯಾವ ವೈರು ಯಾವುದಕ್ಕೆ ಕೊಟ್ಟರೂ ಫ್ಯೂಸು ಹೋಗುತ್ತದೆ. ನನಗೆ ಗೊತ್ತಿರುವುದು ಬೆಸುಗೆ ಹಾಕುವುದೊಂದೇ, ನಿನ್ನ ತಲೆಯೊಳಗೆ ಹಾಕಲು ನನ್ನ ಬೆಸುಗೆಯ ಕಬ್ಬಿಣ ಹೋಗುವುದಿಲ್ಲ.

ನಾನು ಹೊರಡುವಾಗ ಎತ್ತಿಕೊಂಡು ಬಂದ ನೀಲಿಯನ್ನೇ ಕಳಿಸಿದ್ದೇನೆ. ಎಡಗಡೆಯ ತಿರುಪನ್ನು ಕೊನೆ ಮುಟ್ಟಿಸಿದ್ದೇನೆ, ಅದರಾಚೆ ಅದು ತಿರುಗುವುದಿಲ್ಲ. ನಿನಗೆ ಬೇಕಾದವಳನ್ನು ನಡುವೆ ನಿಲ್ಲಿಸಿ ನೋಡು. ಇದು ನಾನು ನಿನಗೆ ಮಾಡಬಹುದಾದ ಕೊನೆಯ ಸಹಾಯ, ಮತ್ತು ಇದು ಸಹಾಯವೇ ಅಲ್ಲ ಎಂದೂ ಗೊತ್ತು. ಆಮೇಲೆ ಆಸ್ಪತ್ರೆಗೆ ಹೋಗುತ್ತೀಯೋ ಇಲ್ಲವೋ ನಿನಗೆ ಬಿಟ್ಟದ್ದು. ನಾನು ಇನ್ನು ಬೇಡಿಕೊಳ್ಳುವುದಿಲ್ಲ ಎಂದು ಬರೆಯಬೇಕೆಂದಿದ್ದೆ. ಬೇಡಿಕೊಳ್ಳುತ್ತೇನೆ, ಹೋಗು ಅಕ್ಕಾ.

ತಮ್ಮ


ಅಕ್ಟೋಬರ್ ೯

ತಮ್ಮಾ,

ಕಾಗದ ತಡವಾಯಿತು. ಈಚೆಗೆ ತಲೆ ತಗ್ಗಿಸಿ ಬರೆದರೆ ಕೋಣೆ ತಿರುಗುತ್ತದೆ. ನಡುನಡುವೆ ಎದ್ದು ಬರೆಯುತ್ತಿದ್ದೇನೆ.

ಡಬ್ಬ ಬಂದ ದಿನವೇ ಹಾಕಿಕೊಂಡೆ. ಕೆಮ್ಮಮ್ಮ ನಡುವಿಗೆ ಬಂದಳು. ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ಬಂದಳು. ಆದರೆ ಎಡಗಡೆಯಿಂದ ಬರುವುದು ಈಗ ದನಿಯಲ್ಲ ಕಣೋ, ಯಾರೋ ಕಾಗದ ಮುದುಡಿದ ಸದ್ದು. ಜೋರು ಮಾಡಿದಷ್ಟೂ ಸದ್ದು ಬರುತ್ತದೆ, ಮಾತು ಬರುವುದಿಲ್ಲ. ಮುಖದ ಅರ್ಧ ಅಳಿಸಿಹೋದವಳು ನನ್ನೆದುರು ನಿಂತು ಹಾಡಿದ ಹಾಗಾಯಿತು. ಗಂಟಲು ಸರಿಮಾಡಿಕೊಳ್ಳುವ ಜಾಗ ಬಂದಾಗ ಕಾದೆ. ಅದು ಯಾವುದೆಂದು ಗೊತ್ತಾಗಲೇ ಇಲ್ಲ.

ಎಷ್ಟೋ ದಿನ ಕೇಳಿದೆ, ನಾಳೆ ಸರಿಹೋದೀತು ಎಂದು. ಹೋಗಲಿಲ್ಲ. ಹಾಗಾಗಿ ನಾನು ಉಳಿಸಿಕೊಳ್ಳುತ್ತೇನೆ ಎಂದು ಹಟ ಹಿಡಿದದ್ದು ಆಗಲೇ ಹೋಗಿಯಾಗಿದೆ. ಹೋದದ್ದಕ್ಕೆ ಕಾವಲು ಕೂತಿದ್ದೆ.

ಸೋಮವಾರ ಸೇರುತ್ತೇನೆ, ಬುಧವಾರ ಆಪರೇಷನ್. ತುಂಬ ತಡಮಾಡಿದಿರಿ ಎಂದರು ಡಾಕ್ಟರು. ಮುಖದ ನರಕ್ಕೂ ಅಂಟಿದೆಯಂತೆ, ನಕ್ಕರೆ ಒಂದೇ ಕಡೆ ನಗಬೇಕಾಗಬಹುದಂತೆ. ನಿಮ್ಮ ಭಾವ ಅದನ್ನು ಕೇಳಿ ಹೊರಗೆ ಹೋಗಿ ನಿಂತರು. ಒಳಗೆ ಬಂದ ಮೇಲೆ, "ನನ್ನ ಜೋಕಿಗೆ ನೀನು ಯಾವತ್ತೂ ಅರ್ಧಾನೇ ನಕ್ಕಿರೋದು," ಎಂದರು. ಅಷ್ಟು ಒಳ್ಳೆಯ ಮಾತನ್ನು ಅವರು ಯಾವತ್ತೂ ಆಡಿರಲಿಲ್ಲ.

ನೀನು ಬರಬೇಡ. ಬಂದರೆ ನಾನು ಅಳುತ್ತೇನೆ, ಕಟ್ಟು ಕಟ್ಟಿದ ತಲೆಗೆ ಅಳು ಒಳ್ಳೆಯದಲ್ಲ. ಡಬ್ಬವನ್ನು ಈ ಕಾಗದದ ಜೊತೆಗೇ ವಾಪಸ್ ಕಳಿಸಿದ್ದೇನೆ. ಯಾವುದು ಚೆನ್ನಾಗಿದೆ ಎಂದು ಇನ್ನು ಮೇಲೆ ನನ್ನನ್ನು ಕೇಳಬೇಡ. ಮೀಟರನ್ನು ಕೇಳು, ಅದು ನನ್ನ ಹಾಗೆ ಸುಳ್ಳು ಹೇಳುವುದಿಲ್ಲ.

ಅಕ್ಕ


ಅಕ್ಟೋಬರ್ ೧೭

ಅಕ್ಕಾ,

ಇದನ್ನು ಭಾವ ನಿನ್ನ ಬಲಗಡೆ ಕೂತು ಓದಲಿ.

ಮೊನ್ನೆ ಸಂಜೆ ಅವರ ಫೋನು ಬಂತು. "ಇದಾಳೆ ಕಣಯ್ಯ, ಇದಾಳೆ," ಎಂದು ಅದೊಂದನ್ನೇ ಹೇಳುತ್ತಿದ್ದರು. ಎಚ್ಚರವಾದಾಗ ನರ್ಸು ಎಡಗಡೆಯಿಂದ ಕರೆದರಂತೆ, ನೀನು ನೋಡಲಿಲ್ಲವಂತೆ. ಅವರು ಸುತ್ತಿ ಬಂದು ಬಲಗಡೆಯಿಂದ ಕರೆದಾಗ ಕಣ್ಣು ಬಿಟ್ಟೆಯಂತೆ. ಬಾಯಿ ಒಂದು ಕಡೆ ಸ್ವಲ್ಪ ಜಾರಿದೆ ಎಂದರು. ಫೋನು ಇಟ್ಟೆ. ನಾನು ಬೇಕರಿಗೆ ಇಳಿದು ಹೋಗಿ, ನಮ್ಮಕ್ಕ ಬದುಕಿದಳು ಎಂದು ಹೇಳಿದೆ. ಅವರಿಗೆ ನನಗೊಬ್ಬ ಅಕ್ಕ ಇರುವುದೇ ಗೊತ್ತಿರಲಿಲ್ಲ.

ನಿನ್ನೆ ಡಬ್ಬ ಬಂದು ತಲುಪಿತು. ಬಿಚ್ಚಿ ಮೇಜಿನ ಮೇಲಿಟ್ಟೆ. ಮೀಟರಿಗೆ ಹಾಕಲಿಲ್ಲ. ನೀನು ಕೇಳಿದ ಹಾಗೆಯೇ, ಏನನ್ನೂ ಮುಟ್ಟದೆ, ಅದೇ ಹಾಡು ಹಾಕಿ ಹೆಡ್‌ಫೋನ್ ಹಾಕಿಕೊಂಡೆ. ಇಷ್ಟು ತಿಂಗಳಲ್ಲಿ ನಾನು ಒಮ್ಮೆಯೂ ಅದನ್ನು ನನ್ನ ಕಿವಿಗೆ ಹಾಕಿಕೊಂಡು ನೋಡಿರಲಿಲ್ಲ, ಕೇಳುವ ಕೆಲಸ ನಿನ್ನದಲ್ಲವೇ.

ಎಡಗಿವಿಗೆ ಏಟು ಬಿದ್ದ ಹಾಗಾಗಿ ಕಿತ್ತು ತೆಗೆದೆ. ದನಿ ಇಳಿಸಿ ಮತ್ತೆ ಹಾಕಿಕೊಂಡೆ. ಬಲಗಡೆ ಏನೂ ಇಲ್ಲ. ಎಲ್ಲ ಎಡಕ್ಕೆ ಹೋಗಿ ಬಿದ್ದಿದೆ. ನಿನ್ನ ಹಣೆಯ ಮುಂದೆ ನಿಂತಿದ್ದವಳು ನನಗೆ ಎಡ ಭುಜದ ಆಚೆ, ಗೋಡೆಗೆ ಒತ್ತಿಕೊಂಡು ಹಾಡುತ್ತಿದ್ದಾಳೆ. ಅಷ್ಟು ದೂರದಿಂದ ನೀನು ಅವಳನ್ನು ಎಳೆದು ತಂದು ನಡುವೆ ನಿಲ್ಲಿಸಿಕೊಳ್ಳುತ್ತಿದ್ದೆ. ನಾನು ಇಲ್ಲಿ ಕೂತು ಪ್ರತಿ ಸಲವೂ ಒಂದಿಷ್ಟು ತಿರುಗಿಸಿ, ಮುಚ್ಚಳ ಹಾಕಿ, ಇನ್ನು ಸರಿಹೋಯಿತು ಎಂದುಕೊಳ್ಳುತ್ತಿದ್ದೆ.

ಇಷ್ಟು ದೂರ ಹೋಗಿಬಿಟ್ಟಿದ್ದಳಾ, ಅಕ್ಕಾ?

ನಿನ್ನ,
ತಮ್ಮ